ಅವಳ ಆಫೀಸಿನಲ್ಲಿ ಫೈಲುಗಳೇ ಇರಲಿಲ್ಲ

ಮೆಟ್ರೋದಲ್ಲೋ ಬಸ್ಸಿನಲ್ಲೋ ಪಕ್ಕದಲ್ಲಿ ಕೂತ ಹೆಣ್ಣುಮಗಳ ಕೈಯಲ್ಲಿ ಪುಸ್ತಕ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. "ಏನು ಓದ್ತಾ ಇದೀರಿ?" ಎಂದು ಕೇಳಿಯೇ ಬಿಡುತ್ತೇನೆ. ಆತ್ಮಕಥೆಯೋ ಇತಿಹಾಸವೋ ಆಗಿದ್ದರೆ ಖುಷಿಯಿಂದ ಮುಖಪುಟ ತಿರುಗಿಸಿ ತೋರಿಸುತ್ತಾರೆ. ಪ್ರೇಮದ ಕಾದಂಬರಿಯಾಗಿದ್ದರೆ ಮಾತ್ರ ಪುಸ್ತಕ ಮಡಿಲಲ್ಲಿ ಬೋರಲಾಗುತ್ತದೆ. "ಏನಿಲ್ಲ ಮೇಡಂ, ಸುಮ್ನೆ ಟೈಂಪಾಸ್‌ಗೆ" ಎಂಬ ಉತ್ತರ ಬರುತ್ತದೆ. ಆ ಉತ್ತರ ಕೇಳಿದಾಗಲೆಲ್ಲ ಒಳಗೊಳಗೇ ಕಿರಿಕಿರಿಯಾಗುತ್ತದೆ. ಓದುವವರ ಮೇಲಲ್ಲ. ನಗಿಸಿ, ಅಳಿಸಿ, ಇಳಿಯಬೇಕಾದ ಸ್ಟಾಪನ್ನೂ ಮರೆಸಿದ ಪುಸ್ತಕದ ಹೆಸರು ಹೇಳಲು ಅವರಿಗೆ ಸಂಕೋಚ ಕಲಿಸಿದವರ ಮೇಲೆ.

ಈ ಸಂಕೋಚ ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಪ್ರತಿ ಕಾದಂಬರಿಗೂ ಒಂದು ಅಡಗುತಾಣವಿತ್ತು. ಅಮ್ಮನದು ಅಕ್ಕಿ ಡಬ್ಬದ ಹಿಂದೆ, ಅತ್ತೆಯದು ಸುತ್ತಿಟ್ಟ ಹಾಸಿಗೆಯ ಒಳಗೆ, ಅಕ್ಕನದು ಸಮಾಜಶಾಸ್ತ್ರದ ಪಠ್ಯದ ಮಡಿಲಲ್ಲಿ. ಕಾದಂಬರಿ ಓದುವ ಹೆಂಗಸರು ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಾರೆ ಎಂದು ತಾತ ಹೇಳುತ್ತಿದ್ದರು. ಅಮ್ಮ ಮರೆತದ್ದೂ ಉಂಟು. ಆದರೆ ವಾರಪತ್ರಿಕೆ ಮನೆಗೆ ಬಂದ ದಿನ ಜಗಲಿಯಲ್ಲಿ ಕೂತು ಮೊಟ್ಟಮೊದಲು ಧಾರಾವಾಹಿಯ ಪುಟ ಬಿಡಿಸುತ್ತಿದ್ದವರು ತಾತನೇ. ಅವರು ಓದಿ ಮುಗಿಸುವವರೆಗೆ ಒಳಗೆ ಮೂವರು ಹೆಂಗಸರು ಕಾಯುತ್ತಿದ್ದರು.

'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ, 'ತರಂಗ' 1983ರಲ್ಲಿ ಹುಟ್ಟಿದವು. ಅವುಗಳ ಧಾರಾವಾಹಿಗಳನ್ನು ಓದಿ ಬಿಸಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಎಲ್ಲರೂ ಓದಿಯಾದ ಮೇಲೆ ಅಮ್ಮ ಧಾರಾವಾಹಿಯ ಹಾಳೆಗಳನ್ನಷ್ಟೇ ಬ್ಲೇಡಿನಿಂದ ಕತ್ತರಿಸಿ ತೆಗೆಯುತ್ತಿದ್ದಳು. ಕಥೆ ಮುಗಿದ ಮೇಲೆ ದಬ್ಬಳದಲ್ಲಿ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಿಗೆ ಅಂಟಿಸಿ ಪುಸ್ತಕ ಮಾಡುತ್ತಿದ್ದಳು. ನಾಯಕ ಮೊದಲ ಸಲ ಬಾಯಿಬಿಟ್ಟು ತನ್ನ ಮನಸ್ಸು ಹೇಳುವ ಪುಟದ ಬೆನ್ನಿಗೆ ಹಾಗಲಕಾಯಿ ಗೊಜ್ಜು ಮಾಡುವ ವಿಧಾನವಿರುತ್ತಿತ್ತು. ನಾನು ಎರಡನ್ನೂ ಒಂದೇ ವಯಸ್ಸಿನಲ್ಲಿ ಕಲಿತೆ.

ಒಂದು ಸಲ ನಡುವಿನ ಒಂದು ವಾರದ ಸಂಚಿಕೆಯನ್ನು ಮನೆಗೆ ಬಂದ ನೆಂಟರು ರೈಲಿನಲ್ಲಿ ಓದಲು ಒಯ್ದುಬಿಟ್ಟರು. ಅಮ್ಮನಿಗೆ ಎರಡು ದಿನ ಊಟ ರುಚಿಸಲಿಲ್ಲ. ಕೊನೆಗೆ ಪಕ್ಕದ ಮನೆಯವರ ಹತ್ತಿರ ಆ ವಾರ ಏನಾಯಿತೆಂದು ಕೇಳಿ ತಿಳಿದುಕೊಂಡು ಬಂದಳು. ಗೆರೆ ಹಾಳೆಯ ಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ಆ ಅಧ್ಯಾಯವನ್ನು ತಾನೇ ಬರೆದು, ಅದರ ಜಾಗದಲ್ಲಿಟ್ಟು ಹೊಲಿದಳು. ಎಷ್ಟೋ ವರ್ಷಗಳ ನಂತರ ಅದೇ ಕಾದಂಬರಿ ಅಚ್ಚಾದ ಪುಸ್ತಕವಾಗಿ ಹಳೆಯ ಪುಸ್ತಕದಂಗಡಿಯಲ್ಲಿ ನನಗೆ ಸಿಕ್ಕಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ಮೂಲದಲ್ಲಿ ಅತ್ತೆಯ ಮಾತಿಗೆ ನಾಯಕಿ ಕೋಣೆಗೆ ಓಡಿ ದಿಂಬಿಗೆ ಮುಖ ಒತ್ತಿ ಅಳುತ್ತಾಳೆ. ಅಮ್ಮ ಬರೆದ ಅಧ್ಯಾಯದಲ್ಲಿ ಅವಳು ಅಲ್ಲೇ ನಿಂತು ಒಂದೂವರೆ ಪುಟ ಉತ್ತರ ಕೊಡುತ್ತಾಳೆ. ಪಕ್ಕದ ಮನೆಯವರು ತಪ್ಪು ಹೇಳಿದ್ದಿರಲಾರದು. ಅಮ್ಮ ಆ ಅಳುವನ್ನು ಬರೆಯಲು ಒಪ್ಪಿಲ್ಲ, ಅಷ್ಟೆ. ಮದುವೆಯಾದ ಮೇಲೆ ತನ್ನ ಅತ್ತೆಗೆ ಎದುರಾಗಿ ಒಂದು ಸಾಲೂ ಆಡದ ಅಮ್ಮ ಅವಳು.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಮಾತಾಡುವವಳು. ಟೈಪಿಂಗು, ಶಾರ್ಟ್‌ಹ್ಯಾಂಡು ಎರಡನ್ನೂ ಸೀನಿಯರ್‌ವರೆಗೆ ಪಾಸು ಮಾಡಿ ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದವಳು. ಮಲ್ಲೇಶ್ವರದ ಕಡೆಯ ಲೇಡೀಸ್ ಹಾಸ್ಟೆಲಿನಲ್ಲಿ ಇದ್ದಳು. ಬೇಸಿಗೆ ರಜೆಯಲ್ಲಿ ನಾನು ಅವಳ ಹತ್ತಿರ ಹೋಗುತ್ತಿದ್ದೆ. ವಾರ್ಡನ್‌ಗೆ ಹೇಳಿ ಒಂದು ಹಾಸಿಗೆ ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದಳು. ಆ ಹಾಸ್ಟೆಲಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನವರು, ಬ್ಯಾಂಕಿನವರು, ನರ್ಸುಗಳು, ವಾಚ್ ಫ್ಯಾಕ್ಟರಿಯವರು ಎಲ್ಲರೂ ಇದ್ದರು. ರಾತ್ರಿ ಗೇಟು ಹಾಕಿದ ಮೇಲೆ ಕಾರಿಡಾರಿನ ದೀಪದ ಕೆಳಗೆ ಚಾಪೆ ಹಾಸಿ ಓದುವುದೇ ಅವರ ಸಂಭ್ರಮ. ಅಲ್ಲಿ ಪುಸ್ತಕ ಅಡಗಿಸುವ ಪ್ರಮೇಯವೇ ಇರಲಿಲ್ಲ. ಸ್ವಂತ ಸಂಬಳದಲ್ಲಿ ಬಾಡಿಗೆ ಕೊಟ್ಟು ತಂದ ಕಾದಂಬರಿಯನ್ನು ಎದೆಗೊತ್ತಿಕೊಂಡು ಬಿ.ಟಿ.ಎಸ್. ಬಸ್ಸಿನಲ್ಲಿ ನಿಂತು ಓದುತ್ತಿದ್ದರು.

ಬಾಡಿಗೆ ಲೈಬ್ರರಿ ಎಂದರೆ ಅಂಗಡಿ ಸಾಲಿನಲ್ಲಿ ಒಂದು ಕಿರಿದಾದ ಮಳಿಗೆ. ಗೋಡೆ ತುಂಬ ಕಂದು ಬಣ್ಣದ ರಟ್ಟು, ಬೆನ್ನಿನ ಮೇಲೆ ಮಸಿಯಲ್ಲಿ ಬರೆದ ನಂಬರು. ಒಂದು ಪುಸ್ತಕ ತಂದರೆ ಹಿಂದಿರುಗಿಸುವ ಮೊದಲು ಇಡೀ ಕಾರಿಡಾರು ಓದಿ ಮುಗಿಸಬೇಕು, ಇಲ್ಲವಾದರೆ ಬಾಡಿಗೆ ದಂಡ. ಹಾಗಾಗಿ ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಲೋ ಬಟ್ಟೆಗೆ ಗುಂಡಿ ಹೊಲಿಯುತ್ತಲೋ ಕೇಳುವುದು. ಆ ಪುಸ್ತಕಗಳ ಅಂಚಿನಲ್ಲಿ ಹಿಂದೆ ಓದಿದವರು ಪೆನ್ಸಿಲಿನಲ್ಲಿ ಬರೆದ ಮಾತುಗಳಿರುತ್ತಿದ್ದವು. ನಾಯಕ ಅನುಮಾನ ಪಟ್ಟು ಹೆಂಡತಿಯನ್ನು ತವರಿಗೆ ಕಳಿಸುವ ಜಾಗದಲ್ಲಿ "ಇವನಿಗೆ ಎರಡು ಬಿಡಬೇಕು" ಎಂದು ಒಬ್ಬರು. ಅದರ ಕೆಳಗೆ ಬೇರೆ ಕೈಬರಹದಲ್ಲಿ "ನನ್ನ ಲೆಕ್ಕದಲ್ಲಿ ನಾಲ್ಕು". ಇನ್ನೊಂದು ಪುಟದಲ್ಲಿ "ತಂಗೀ, ಹೆದರಬೇಡ, 180ನೇ ಪುಟದಲ್ಲಿ ಎಲ್ಲ ಸರಿಹೋಗುತ್ತದೆ". ಮುಖ ನೋಡದ, ಹೆಸರು ಗೊತ್ತಿಲ್ಲದ ಹೆಂಗಸರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದರು. ಸಾಹಿತ್ಯದ ಚರ್ಚೆ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಆ ಪೆನ್ಸಿಲಿನ ಸಾಲುಗಳು.

ಚಿಕ್ಕಮ್ಮ ಗಟ್ಟಿಯಾಗಿ ಓದುವವಳು. ಓದುತ್ತ ಓದುತ್ತ ಒಂದು ರಾತ್ರಿ ತಟ್ಟನೆ ನಿಲ್ಲಿಸಿ ಎಲ್ಲರ ಮುಖ ನೋಡಿದಳು. "ಅಲ್ಲ ಕಣ್ರೇ, ಇವಳು ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿಗೆ ಹೋದಳು. ಸಂಜೆ ಐದಕ್ಕೆ ಕೆಲಸ ಮುಗಿಸಿ ಲಾಲ್‌ಬಾಗಿಗೆ ಬಂದಳು. ಏನು ಕೆಲಸ ಮುಗಿಸಿದಳು? ಒಂದು ಫೈಲಾದರೂ ನೋಡಿದಳಾ? ಇವಳ ಆಫೀಸಿನಲ್ಲಿ ಫೈಲುಗಳೇ ಇಲ್ಲವಲ್ಲ!" ಕಾರಿಡಾರು ಗೊಳ್ಳೆಂದಿತು. ಆಮೇಲೆ ಅದೊಂದು ಆಟವೇ ಆಯಿತು. ಉದ್ಯೋಗಸ್ಥ ನಾಯಕಿ ಬಂದ ಕೂಡಲೇ ಕೇಳುವವರು "ಫೈಲಿದೆಯಾ?" ಎಂದು ಕೂಗುವರು. ಕಥೆಯ ಆಫೀಸುಗಳಲ್ಲಿ ಮೇಜು, ಕುರ್ಚಿ, ಬಾಗಿಲಿನ ಪರದೆ, ಎತ್ತರದ ಮ್ಯಾನೇಜರು ಎಲ್ಲ ಇರುತ್ತಿದ್ದವು. ತಡವಾಗಿ ಬಂದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ಸೂಪರಿಂಟೆಂಡೆಂಟ್ ಇರುತ್ತಿರಲಿಲ್ಲ. ಐದು ಕಾರ್ಬನ್ ಹಾಳೆಯ ಕೆಳಗೆ ಒಂದಕ್ಷರ ತಪ್ಪಾದರೆ ಐದೂ ಪ್ರತಿಯನ್ನು ರಬ್ಬರಿನಲ್ಲಿ ತಿದ್ದುವ ಸಂಕಟ ಇರುತ್ತಿರಲಿಲ್ಲ. ಸಂಬಳದ ದಿನವಂತೂ ಇರುತ್ತಲೇ ಇರಲಿಲ್ಲ. ಆ ಹಾಸ್ಟೆಲಿನಲ್ಲಿ ಒಂದನೇ ತಾರೀಖಿನ ಸಂಜೆಗೆ ಬೇರೆಯೇ ಕಳೆ ಇತ್ತು. ಮನಿಯಾರ್ಡರ್ ಫಾರಂ ತುಂಬಿ ಊರಿಗೆ ಕಳಿಸಿದ ಮೇಲೆ ಉಳಿದ ಹಣದಲ್ಲಿ ಏನು ಕೊಳ್ಳಬಹುದು ಎಂಬ ಲೆಕ್ಕದಲ್ಲಿ ಇದ್ದಷ್ಟು ರೋಮಾಂಚನ ಯಾವ ಪ್ರೇಮಪತ್ರದಲ್ಲೂ ಇರಲಾರದು.

ಇಷ್ಟೆಲ್ಲ ಹೇಳಿಯೂ ಆ ಹೆಂಗಸರು ಒಂದು ಕಾದಂಬರಿಯನ್ನೂ ಬಿಡುತ್ತಿರಲಿಲ್ಲ. ಏಕೆಂದರೆ ಅಲ್ಲಿ ಸೀರೆಗಳಿದ್ದವು. ತಿಳಿನೀಲಿಗೆ ಬೆಳ್ಳಿಯಂಚು, ಹಾಲುಬಿಳುಪಿಗೆ ಮಾವಿನೆಲೆ ಹಸಿರು. ಓದಿ ಮುಗಿಸಿದ ಮೇಲೆ ಭಾನುವಾರ ನಾಲ್ಕೈದು ಜನ ಸೇರಿ ಚಿಕ್ಕಪೇಟೆಗೆ ಹೋಗಿ ಅಂಥದೇ ಸೀರೆ ಹುಡುಕುತ್ತಿದ್ದರು. ಅಂಗಡಿಯವನಿಗೆ ಬಣ್ಣ ಹೇಳುವುದರ ಜೊತೆಗೆ ಅರ್ಧ ಕಥೆಯನ್ನೂ ಹೇಳುತ್ತಿದ್ದರು. ಹಿಂದಿರುಗುವಾಗ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು ಮಸಾಲೆ ದೋಸೆ. ಫ್ಯಾಮಿಲಿ ರೂಂ ಎಂದರೆ ಈಗಿನವರಿಗೆ ಗೊತ್ತಿರಲಾರದು. ಹೆಂಗಸರೂ ಮಕ್ಕಳೂ ಪರದೆಯ ಮರೆಯಲ್ಲಿ ಕೂತು ತಿನ್ನಲೆಂದು ಹೋಟೆಲಿನಲ್ಲಿ ಕಟ್ಟುತ್ತಿದ್ದ ಪುಟ್ಟ ಗೂಡುಗಳು ಅವು. ಕಾದಂಬರಿಯ ಪ್ರೇಮಿಗಳು ಗುಟ್ಟಿನಲ್ಲಿ ಭೇಟಿಯಾಗುತ್ತಿದ್ದುದೂ ಅಲ್ಲೇ. ಚಿಕ್ಕಮ್ಮನ ಗುಂಪು ಮಾತ್ರ ಗಂಡಸರಿಲ್ಲದೆ ಆ ರೂಮು ತುಂಬಿಕೊಂಡು, ಗೋಡೆಯಾಚೆ ಕೇಳುವಷ್ಟು ಜೋರಾಗಿ ನಗುತ್ತಿತ್ತು. ಬೆಂಗಳೂರು ಎಂಬ ಊರನ್ನು ನಾನು ಮೊದಲು ಪ್ರೀತಿಸಿದ್ದು ಆ ನಗೆಯ ಕಾರಣಕ್ಕೆ.

ಬರೆಯುತ್ತಿದ್ದವರ ಕಡೆಯಿಂದಲೂ ನೋಡಬೇಕು. ನಮ್ಮ ಅಮ್ಮಂದಿರು ಪ್ರಾಣ ಬಿಡುತ್ತಿದ್ದ ಲೇಖಕಿಯರಲ್ಲಿ ಹಲವರು ಸಂಸಾರದ ನಡುವೆ ಬಿಡುವು ಕದ್ದು ಬರೆದವರು. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ನಲವತ್ತೈದು ದಾಟಿತ್ತು. ಅದೇ 1963ರಲ್ಲಿ ತ್ರಿವೇಣಿ ತೀರಿಕೊಂಡರು, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿ. ಮನಸ್ಸಿನ ಒಳಮನೆಗಳನ್ನು ಅವರು ಹೊಕ್ಕು ಬಂದ ಬಗೆಗೆ ನಾನಿಂದಿಗೂ ತಲೆಬಾಗುತ್ತೇನೆ. 'ಬೆಳ್ಳಿಮೋಡ'ದ ಇಂದಿರೆಯನ್ನು ಆ ಹಾಸ್ಟೆಲಿನಲ್ಲಿ ಯಾರೂ ಕಥೆಯ ಪಾತ್ರ ಎಂದುಕೊಂಡಿರಲೇ ಇಲ್ಲ. ಆಸ್ತಿಗೆ ವಾರಸುದಾರನಾಗಿ ತಮ್ಮ ಹುಟ್ಟಿದ ಕೂಡಲೇ ಮನಸ್ಸು ಬದಲಿಸಿದ ಗಂಡು, ಕಾಲು ಮುರಿದು ಬಿದ್ದಾಗ ಅವಳಿಂದ ಆರೈಕೆ ಮಾಡಿಸಿಕೊಂಡು, ಈಗ ಮದುವೆಯಾಗೋಣ ಎಂದರೆ ಅವಳು ಒಲ್ಲೆ ಎನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಇಂದಿರೆಯಾದರು. ವರ್ಷಗಳಾದ ಮೇಲೂ, ಯಾವುದಾದರೂ ವರ ಮೊದಲು ಬೇಡವೆಂದು ಆಮೇಲೆ ಹೇಳಿಕಳಿಸಿದರೆ, ಹಾಸ್ಟೆಲಿನಲ್ಲಿ "ಇಂದಿರೆ ಮಾಡಿದ್ದನ್ನೇ ಮಾಡು" ಎಂದರೆ ಸಾಕಿತ್ತು, ಬೇರೆ ವಿವರಣೆ ಬೇಕಿರಲಿಲ್ಲ. ಮನೆಯಲ್ಲಿ ಉಪದೇಶ ಮಾಡುವ ಹಿರಿಯರು ಎಷ್ಟಿದ್ದರೂ ಒಲ್ಲೆ ಎನ್ನಲು ಕಲಿಸಿದವರು ಕಡಿಮೆ. ಅದನ್ನು ಕಲಿಸಿದ್ದು ಅಕ್ಕಿ ಡಬ್ಬದ ಹಿಂದಿನ ಪುಸ್ತಕ.

ಆಮೇಲಿನ ದಶಕಗಳಲ್ಲಿ ನಾಯಕಿಯರು ಪೇಟೆಗೆ ಬಂದರು, ಓದಿದರು, ಕೆಲಸಕ್ಕೆ ಸೇರಿದರು. ಉಷಾ ನವರತ್ನರಾಂ ಅವರ 'ಹೊಂಬಿಸಿಲು', 'ಬಂಧನ'ಗಳಲ್ಲಿ ಡಾಕ್ಟರುಗಳ ಲೋಕ ಬಂತು. ಎರಡೂ ಸಿನಿಮಾ ಆಗಿ, 1978ರಲ್ಲಿ ಒಂದು, 1984ರಲ್ಲಿ ಇನ್ನೊಂದು, ಮನೆಮನೆಯ ಮಾತಾದವು. ಸಾಯಿಸುತೆಯವರು ನೂರಕ್ಕೂ ಮೀರಿ ಕಾದಂಬರಿ ಬರೆದು ಎರಡು ಮೂರು ತಲೆಮಾರಿನ ಓದುಗರನ್ನು ಕೂರಿಸಿಕೊಂಡರು. ಎಚ್.ಜಿ. ರಾಧಾದೇವಿಯವರ 'ಅನುರಾಗದ ಅಂತಃಪುರ' 1986ರಲ್ಲಿ 'ಅನುರಾಗ ಅರಳಿತು' ಆಯಿತು. ಕಾರ್ಖಾನೆ ನಡೆಸುವ ಹೆಣ್ಣು, ಅವಳನ್ನು ಎದುರಿಸುವ ಮೆಕ್ಯಾನಿಕ್. ಆ ಕಥೆ ಎಷ್ಟು ಗಟ್ಟಿ ಎಂದರೆ ಮುಂದೆ ತಮಿಳಿನಲ್ಲಿ 'ಮನ್ನನ್', ತೆಲುಗಿನಲ್ಲಿ 'ಘರಾನಾ ಮೊಗುಡು', ಹಿಂದಿಯಲ್ಲಿ 'ಲಾಡ್ಲಾ' ಆಗಿ ಎಲ್ಲ ಕಡೆ ಗೆದ್ದಿತು. ಕನ್ನಡದ ಹೆಣ್ಣುಮಗಳೊಬ್ಬಳು ಬರೆದ ಕಥೆ ನಾಲ್ಕು ಭಾಷೆ ಆಳಿತೆಂದು ನನಗೆ ಹೆಮ್ಮೆಯಿದೆ. ಜೊತೆಗೆ ಒಂದು ಬೇಸರವೂ ಇದೆ. ನಾಲ್ಕೂ ಭಾಷೆಯ ಪ್ರೇಕ್ಷಕರು ಶಿಳ್ಳೆ ಹೊಡೆದದ್ದು ಕಾರ್ಖಾನೆಯ ಯಜಮಾನಿಯ ಗರ್ವ ಮುರಿಯುವ ಜಾಗಕ್ಕೆ. ಅಷ್ಟು ದೊಡ್ಡ ಕಾರ್ಖಾನೆಯನ್ನು ಅವಳು ಹೇಗೆ ನಡೆಸಿದಳು, ಸಾಲ ಹೇಗೆ ತೀರಿಸಿದಳು, ಯಂತ್ರ ಕೆಟ್ಟ ದಿನ ಏನು ಮಾಡಿದಳು ಎಂದು ತಿಳಿಯುವ ಆಸೆ ನನಗೆ. ಚಿಕ್ಕಮ್ಮನ ಭಾಷೆಯಲ್ಲಿ ಹೇಳುವುದಾದರೆ, ಫೈಲು ಕಾಣಲಿಲ್ಲ.

ಆ ಫೈಲು ನನಗೆ ಸಿಕ್ಕಿದ್ದು ಅಕ್ಕನ ಮಗಳ ಚೀಲದಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮನೆಯಲ್ಲಿದ್ದ ಅವಳು ಇಂಗ್ಲಿಷಿನ ಕಾದಂಬರಿಗಳನ್ನು ಸೋಫಾದ ಮೇಲೆಲ್ಲ ಹರಡುತ್ತಿದ್ದಳು. ಮುಖಪುಟದಲ್ಲಿ ಗುಲಾಬಿ ಬಣ್ಣ, ಎತ್ತರದ ಹಿಮ್ಮಡಿಯ ಚಪ್ಪಲಿ. ಹಾಗೆ ಕೈಗೆ ಬಂದದ್ದು ಹೆಲೆನ್ ಫೀಲ್ಡಿಂಗ್ ಬರೆದ 'ಬ್ರಿಜೆಟ್ ಜೋನ್ಸ್ ಡೈರಿ'. 1995ರಲ್ಲಿ ಲಂಡನ್ನಿನ 'ದಿ ಇಂಡಿಪೆಂಡೆಂಟ್' ಪತ್ರಿಕೆಯ ಅಂಕಣವಾಗಿ ಶುರುವಾಗಿ ಮರುವರ್ಷ ಪುಸ್ತಕವಾದದ್ದು. ವಾರವಾರವೂ ಪತ್ರಿಕೆಯಲ್ಲಿ ಕಾಯಿಸಿ ಓದಿಸಿದ ಕಥೆ ಎಂದು ತಿಳಿದದ್ದೇ ತಡ, ಅದು ನಮ್ಮ ಜಗಲಿಯ ನೆಂಟನಂತೆ ಹತ್ತಿರವಾಯಿತು. ಮೂವತ್ತು ದಾಟಿದ ಬ್ರಿಜೆಟ್ ಲಂಡನ್ನಿನಲ್ಲಿ ಒಂಟಿಯಾಗಿದ್ದಾಳೆ. ದಿನದ ಡೈರಿಯನ್ನು ತನ್ನ ತೂಕ, ಸೇದಿದ ಸಿಗರೇಟು, ಕುಡಿದ ಮದ್ಯ ಎಲ್ಲ ಲೆಕ್ಕ ಹಾಕಿ ಶುರುಮಾಡುತ್ತಾಳೆ. ಎರಡು ಶತಮಾನದ ಹಿಂದೆ ಜೇನ್ ಆಸ್ಟಿನ್ ಬರೆದ ಪ್ರೇಮಕಥೆಯ ಹಂದರವೇ ಅಲ್ಲಿದೆ, ನಾಯಕನ ಹೆಸರೂ ಡಾರ್ಸಿಯೇ. ಆದರೆ ಈ ನಾಯಕಿಗೆ ಆಫೀಸಿದೆ, ಮೇಲಧಿಕಾರಿ ಇದ್ದಾನೆ, ಮಾಡಿ ಕೆಡಿಸಿದ ಕೆಲಸಗಳಿವೆ.

ಒಂದಾದ ಮೇಲೊಂದು ಓದಿದೆ. ಸೋಫಿ ಕಿನ್ಸೆಲ್ಲಾ ಅವರ 2000ದ ಕಾದಂಬರಿಯಲ್ಲಿ ನಾಯಕಿ ಹಣಕಾಸಿನ ಪತ್ರಕರ್ತೆ. ಊರಿಗೆಲ್ಲ ಹಣ ಉಳಿಸುವ ಬುದ್ಧಿ ಹೇಳುವ ಅವಳಿಗೆ ಬ್ಯಾಂಕಿನಿಂದ ಸಾಲದ ಕಾಗದಗಳು ಬರುತ್ತಲೇ ಇರುತ್ತವೆ. ಲಾರೆನ್ ವೈಸ್‌ಬರ್ಗರ್ ಅವರ 'ದಿ ಡೆವಿಲ್ ವೇರ್ಸ್ ಪ್ರಾಡಾ' 2003ರದು, ಫ್ಯಾಷನ್ ಪತ್ರಿಕೆಯ ಸಂಪಾದಕಿಯ ಕೈಕೆಳಗೆ ಓಡಾಡಿ ಹೈರಾಣಾಗುವ ಹುಡುಗಿಯ ಕಥೆ. ಅನುಜಾ ಚೌಹಾನ್ ಅವರ 'ದಿ ಜೋಯಾ ಫ್ಯಾಕ್ಟರ್' 2008ರದು. ದೆಹಲಿಯ ಕರೋಲ್ ಬಾಗಿನ ಜೋಯಾ ಜಾಹೀರಾತು ಕಂಪನಿಯಲ್ಲಿದ್ದಾಳೆ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದ ಗಳಿಗೆಯಲ್ಲೇ ಹುಟ್ಟಿದವಳೆಂದು ಕ್ರಿಕೆಟ್ ತಂಡ ಅವಳನ್ನು ಅದೃಷ್ಟದ ಬೊಂಬೆ ಮಾಡಿಕೊಳ್ಳುತ್ತದೆ. ಕಿನ್ಸೆಲ್ಲಾ ಸ್ವತಃ ಹಣಕಾಸಿನ ಪತ್ರಕರ್ತೆಯಾಗಿದ್ದವರು, ವೈಸ್‌ಬರ್ಗರ್ 'ವೋಗ್' ಪತ್ರಿಕೆಯ ಸಂಪಾದಕಿಗೆ ಸಹಾಯಕಿಯಾಗಿದ್ದವರು, ಚೌಹಾನ್ ಜಾಹೀರಾತು ಜಗತ್ತಿನಲ್ಲೇ ವರ್ಷಗಟ್ಟಲೆ ದುಡಿದವರು. ಆಯಾ ಕುರ್ಚಿಯಲ್ಲಿ ಕೂತು ಬೆನ್ನು ನೋಯಿಸಿಕೊಂಡವರೇ ಬರೆದದ್ದರಿಂದ ಅವರ ಕಥೆಗೆ ಆಫೀಸು ತಾನಾಗಿ ಬಂತು. ಅಷ್ಟೇ ಮುಖ್ಯವಾಗಿ, ನಗುವೂ ಬಂತು.

ನಿವೃತ್ತಳಾಗಿ ಮೈಸೂರಿನಲ್ಲಿರುವ ಚಿಕ್ಕಮ್ಮನಿಗೆ ಜೋಯಾಳ ಕಥೆಯನ್ನು ಒಂದು ಮಧ್ಯಾಹ್ನ ಪೂರ್ತಿ ಹೇಳಿದೆ. ಅವರೆಕಾಯಿ ಸುಲಿಯುತ್ತ ಕೇಳಿದಳು. ಮುಗಿದ ಮೇಲೆ "ಪರವಾಗಿಲ್ವೇ, ಇದರಲ್ಲಿ ಫೈಲಿದೆ" ಎಂದಳು. ಆಮೇಲೆ, ನಾನು ಕೇಳದೆಯೇ, ತನ್ನ ಟೈಪಿಂಗ್ ಸೆಕ್ಷನ್ನಿನ ಕಥೆ ಬಿಚ್ಚಿದಳು. ಚಿಕ್ಕಮ್ಮನ ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದ ಹುಡುಗಿಯ ಹತ್ತಿರ ಮಾತ್ರ, ಮೇಲಿನ ಮಹಡಿಯ ಗುಮಾಸ್ತನೊಬ್ಬ ಡ್ರಾಫ್ಟು ತರುತ್ತಿದ್ದನಂತೆ. ಟೈಪಾದ ಪತ್ರ ಒಯ್ದವನು ಅರ್ಧ ಗಂಟೆಯಲ್ಲಿ ವಾಪಸು. ದಿನಾಂಕ ತಪ್ಪಾಗಿದೆ, ಉಲ್ಲೇಖ ಸಂಖ್ಯೆ ಬಿಟ್ಟುಹೋಗಿದೆ, ಒಂದು ಪ್ರತಿ ಹೆಚ್ಚಿಗೆ ಬೇಕು. ತಪ್ಪು ಯಾವಾಗಲೂ ಅವನ ಡ್ರಾಫ್ಟಿನದೇ. ಟೈಪಿಸ್ಟರೆಲ್ಲ ಸೇರಿ ಪಂಚಾಯಿತಿ ಮಾಡಿದರು. ಇನ್ನು ಮುಂದೆ ಮರುಟೈಪಿಗೆ ಬಂದರೆ ಸೆಕ್ಷನ್ನಿನ ಎಲ್ಲರಿಗೂ ಅವನೇ ಕಾಫಿ ಕೊಡಿಸಬೇಕು ಎಂದು ತೀರ್ಪಾಯಿತು. ಅವನು ಮರುದಿನವೇ ಬಂದ. ಅದರ ಮರುದಿನವೂ. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಕಾಫಿಗೆ ಬದಲು ಕಡಲೆಕಾಯಿ ಪೊಟ್ಟಣ ತಂದ. ಆಗ ಆ ಹುಡುಗಿ ಅವನ ಡ್ರಾಫ್ಟನ್ನು ಕೈಗೆತ್ತಿಕೊಂಡು, ಕೆಂಪು ಪೆನ್ಸಿಲಿನಲ್ಲಿ ಎಲ್ಲ ತಪ್ಪುಗಳನ್ನೂ ಟೈಪು ಮಾಡುವ ಮೊದಲೇ ತಿದ್ದಿ, "ಇನ್ನು ಕಾಫಿಗೆ ದುಡ್ಡು ದಂಡ ಮಾಡಬೇಡಿ, ಮನೆಗೆ ಬಂದು ನಮ್ಮಪ್ಪನ್ನ ಕೇಳಿ" ಎಂದಳಂತೆ. ಆ ಅಪ್ಪ ಒಪ್ಪಲಿಲ್ಲ. ರಿಜಿಸ್ಟರ್ ಮದುವೆಗೆ ಸಾಕ್ಷಿ ಹಾಕಿದವರಲ್ಲಿ ಚಿಕ್ಕಮ್ಮನೂ ಕೆಂಪು ಗೆರೆ ಎಳೆಯುತ್ತಿದ್ದ ಅದೇ ಸೂಪರಿಂಟೆಂಡೆಂಟೂ ಇದ್ದರು. ಆ ದಿನ ಎಲ್ಲರಿಗೂ ತಡವಾಗಿತ್ತು, ಯಾರ ಹೆಸರಿನ ಮುಂದೆಯೂ ಗೆರೆ ಬೀಳಲಿಲ್ಲ.

ಇದನ್ನು ಕೇಳಿ ನನಗೆ ಸಂತೋಷವೂ ಸಂಕಟವೂ ಒಟ್ಟಿಗೇ ಆದವು. ಇಂಥ ಕಥೆಗಳು ಆ ಕಾರಿಡಾರಿನಲ್ಲಿ ಎಷ್ಟಿದ್ದವೋ! ಓದುತ್ತಿದ್ದ ಪುಸ್ತಕದಲ್ಲಿ ಅವು ಯಾವುವೂ ಇರಲಿಲ್ಲ. ಕನ್ನಡದ ಹೆಂಗಸರಿಗೆ ನಗಿಸಲು ಬಾರದೆಂದಲ್ಲ. 1942ರಿಂದ 1967ರವರೆಗೆ ರಾಶಿಯವರು ನಡೆಸಿದ 'ಕೊರವಂಜಿ' ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆದ ಲೇಖನಗಳನ್ನು ಇಂದು ಓದಿದರೂ ನಗು ತಡೆಯಲಾಗದು. ಆ ದಾರಿಯನ್ನು ಭುವನೇಶ್ವರಿ ಹೆಗಡೆಯವರು ಮುಂದಕ್ಕೊಯ್ದರು. ಆದರೆ ನಮ್ಮಲ್ಲಿ ನಗು ಪ್ರಬಂಧದ ಪಾಲಾಯಿತು, ಪ್ರೇಮ ಕಾದಂಬರಿಯ ಪಾಲಾಯಿತು. ಎರಡೂ ಒಂದೇ ಮನೆಯಲ್ಲಿ ಬಾಳಿದ್ದು ಅಪರೂಪ. ಕಾದಂಬರಿಯ ನಾಯಕಿ ಅಳಬೇಕು, ತ್ಯಾಗ ಮಾಡಬೇಕು. ನಗುವ ಹೆಣ್ಣು ಅಡುಗೆಮನೆಯ ಪ್ರಬಂಧದಲ್ಲೇ ಇರಬೇಕು. ದುಡಿದು, ನಕ್ಕು, ಪ್ರೀತಿಸಿ, ತಿಂಗಳ ಕೊನೆಯಲ್ಲಿ ಕೈ ಖಾಲಿ ಮಾಡಿಕೊಂಡು ಮತ್ತೆ ಒಂದನೇ ತಾರೀಖಿಗೆ ಕಾಯುವ ಹುಡುಗಿಗೆ ನಮ್ಮ ಕಾದಂಬರಿಯ ಕಪಾಟಿನಲ್ಲಿ ಇನ್ನೂ ಸಾಕಷ್ಟು ಜಾಗ ಆಗಿಲ್ಲ ಎಂಬುದೇ ನನ್ನ ದೂರು.

ಆ ಹುಡುಗಿಯರು ಮಾತ್ರ ಊರು ತುಂಬ ಇದ್ದಾರೆ. ಬೀದರಿನಿಂದ, ಶಿರಸಿಯಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಬಿಟಿಎಂ ಲೇಔಟಿನ, ಮಾರತಹಳ್ಳಿಯ ಪಿ.ಜಿ.ಗಳಲ್ಲಿ ಮೂವರಿಗೊಂದು ಕೋಣೆ ಹಂಚಿಕೊಳ್ಳುತ್ತಾರೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸಿನೊಳಗೆ ಮ್ಯಾನೇಜರಿಗೆ ಮೆಸೇಜು, ಅಮ್ಮನಿಗೆ ವಾಯ್ಸ್ ನೋಟು, ಇನ್ನೊಬ್ಬನಿಗೆ ಬರೆದು ಅಳಿಸಿದ ಸಾಲು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯ ಶೂನ್ಯ ಟಿಕೆಟು ಅವರ ಕೈಯಲ್ಲಿದೆ. ಗಾರ್ಮೆಂಟ್ಸಿನವಳೂ ಕಾಲ್ ಸೆಂಟರಿನವಳೂ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಗುಲಾಬಿ ಮುಖಪುಟದ ಒಂದಲ್ಲ, ಹತ್ತು ಕಾದಂಬರಿಗೆ ಆಗುವಷ್ಟು ಸಾಮಗ್ರಿ ಆ ಒಂದು ಬಸ್ಸಿನಲ್ಲಿದೆ.

ಆದ್ದರಿಂದ ಈ ಊರಿಗೆ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ನನ್ನದೊಂದು ಬೇಡಿಕೆ. ದಯವಿಟ್ಟು ನೀವೇ ಬರೆಯಿರಿ. ಪಿ.ಜಿ.ಯ ಚಿತ್ರಾನ್ನ ಬರಲಿ, ಅಪ್ರೈಸಲ್ ಬರಲಿ, ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಂಡ ಅಂಗಿಯ ಅಳತೆ ತಪ್ಪಿದ್ದೂ ಬರಲಿ. ಪ್ರೀತಿ ಧಾರಾಳವಾಗಿ ಇರಲಿ, ನಮ್ಮನ್ನು ಹೊಟ್ಟೆ ತುಂಬ ನಗಿಸಿ, ಮದುವೆಯ ಪುಟ ದಾಟಿದ ಮೇಲೂ ನಾಯಕಿಯ ಕೆಲಸ ಉಳಿಸಿ. ಯಾವುದಾದರೂ ವಾರಪತ್ರಿಕೆಗೆ ಕಳಿಸಿ. ದಬ್ಬಳ, ದಾರ ಎರಡೂ ನಮ್ಮ ಮನೆಯಲ್ಲಿ ಇನ್ನೂ ಇವೆ.